ಮೂರು ಪಟ್ಟು ಪಿಕ್ಸೆಲ್ ಲ್ಯಾಪ್‌ಟಾಪ್‌ಗೆ ಹಳೇ ಮಾನಿಟರ್ ಹೊಂದಿಸಿದ ನನ್ನ ಅನುಭವ

ಎಂಟು ತಿಂಗಳಿಂದ ನನ್ನ ಮೇಜಿನ ಮೇಲೆ 13.3 ಇಂಚಿನ ಲ್ಯಾಪ್‌ಟಾಪೂ 24 ಇಂಚಿನ ಹಳೇ ಮಾನಿಟರೂ ಜಗಳ ಆಡದೆ ಅಕ್ಕಪಕ್ಕ ಕೂತಿವೆ. ಎರಡರಲ್ಲೂ ಅಕ್ಷರ ಓದಲು ಬರುತ್ತದೆ, ಕಿಟಕಿಯನ್ನು ಅಲ್ಲಿಂದ ಇಲ್ಲಿಗೆ ಎಳೆದರೆ ಅದರ ಗಾತ್ರ ಕೆಡುವುದಿಲ್ಲ. ಇದರಲ್ಲೇನು ದೊಡ್ಡ ವಿಷಯ ಅಂತ ಕೇಳುವವರು ಲಿನಕ್ಸ್‌ನಲ್ಲಿ ಇಂಥ ಜೋಡಿ ಕಟ್ಟಿ ನೋಡಿಲ್ಲ, ಅಷ್ಟೇ.

ಲ್ಯಾಪ್‌ಟಾಪ್ 3200×1800, ಅಂದರೆ ಇಂಚಿಗೆ 276 ಪಿಕ್ಸೆಲ್. ಮಾನಿಟರ್ ಸಾದಾ 1920×1080, ಇಂಚಿಗೆ 92. ಅಳತೆ ಮಾಡಿ ತಂದ ಹಾಗೆ ಮೂರು ಪಟ್ಟು ವ್ಯತ್ಯಾಸ. ಲ್ಯಾಪ್‌ಟಾಪ್‌ನಲ್ಲಿ ಸ್ಕೇಲಿಂಗ್ 2 ಇಡದಿದ್ದರೆ, ಅಂದರೆ ಅಕ್ಷರ, ಬಟನ್ ಎಲ್ಲ ಎರಡು ಪಟ್ಟು ಹಿಗ್ಗಿಸದಿದ್ದರೆ, ಮೆನು ಓದಲು ಭೂತಗನ್ನಡಿ ಬೇಕು. ಆದರೆ ಲಿನಕ್ಸ್‌ನಲ್ಲಿ ಸ್ಕ್ರೀನಿಗೆ ಚಿತ್ರ ಬರೆಯುವ ಹಳೇ ವ್ಯವಸ್ಥೆಯಾದ ಎಕ್ಸ್11ನಲ್ಲಿ ಎಲ್ಲ ಸ್ಕ್ರೀನಿಗೂ ಒಂದೇ ಲೆಕ್ಕ ಅಲ್ವಾ, ಅದೇ 2 ಮಾನಿಟರ್‌ಗೂ ಹೋಯಿತು. ಮೊದಲ ದಿನ ಬ್ರೌಸರ್‌ನ ಬ್ಯಾಕ್ ಬಟನ್ ನನ್ನ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗಿತ್ತು. 24 ಇಂಚಿನಲ್ಲಿ ಕೋಡ್ ಇಪ್ಪತ್ತು ಚಿಲ್ಲರೆ ಸಾಲು ಕಾಣುತ್ತಿತ್ತು. ಅದಕ್ಕಿಂತ ಜಾಸ್ತಿ ಸಾಲು ಪಕ್ಕದ ಪುಟ್ಟ ಲ್ಯಾಪ್‌ಟಾಪ್‌ನಲ್ಲೇ ಕಾಣುತ್ತಿತ್ತು.

ಸಲಹೆಗೇನೂ ಬರ ಇರಲಿಲ್ಲ. "ಗುರೂ, ಸುಮ್ನೆ 4ಕೆ ಮಾನಿಟರ್ ತಗೊಂಡುಬಿಡು, ಈ ಡಬ್ಬ ಮಾರಿಹಾಕು" ಅಂದ ಒಬ್ಬ (4ಕೆ ಅಂದರೆ 3840×2160 ಪಿಕ್ಸೆಲ್). ಲ್ಯಾಪ್‌ಟಾಪ್‌ನ ರೆಸಲ್ಯೂಶನ್ನೇ ಅರ್ಧಕ್ಕೆ ಇಳಿಸು ಅಂದ ಇನ್ನೊಬ್ಬ. ಇಳಿಸಿ ನೋಡಿದೆ, 1600×900. ಕೆಲಸವೇನೋ ಆಯಿತು. ಆದರೆ 3200 ಪಿಕ್ಸೆಲ್‌ಗೆ ದುಡ್ಡು ಕೊಟ್ಟು 1600 ನೋಡುತ್ತಾ ಕೂರುವುದು ಹೊಟ್ಟೆ ಉರಿಯುವ ವಿಷಯ. ಎರಡು ದಿನದಲ್ಲಿ ವಾಪಸ್ ಹಾಕಿದೆ. ಮೂರನೆಯವರು ನಮ್ಮ ಸೀನಿಯರ್. "ವಿಂಡೋಸ್ 8.1ರಿಂದಲೇ ಒಂದೊಂದು ಸ್ಕ್ರೀನಿಗೆ ಒಂದೊಂದು ಸ್ಕೇಲ್ ಇದೆಯಪ್ಪಾ, 2013ರ ಮಾತು ಅದು. ನೀನು ಇನ್ನೂ ಅಲ್ಲೇ ಒದ್ದಾಡ್ತಿದ್ದೀಯ" ಅಂತ ನಕ್ಕರು. ನಿಜವೇ ಹೇಳಿದ್ದು, ಅದಕ್ಕೇ ಜಾಸ್ತಿ ಚುಚ್ಚಿತು.

ಸ್ಕೇಲಿಂಗ್‌ಗೆ ಕೈ ಹಾಕುವ ಮೊದಲೇ ಕೇಬಲ್‌ಗೆ ದುಡ್ಡು ಸುರಿದ ಕಥೆ ಹೇಳಿಬಿಡುತ್ತೇನೆ. ಎಚ್‌ಡಿಎಂಐ ಸಿಕ್ಕಿಸಿದಾಗ ಮಾನಿಟರ್‌ನಲ್ಲಿ ಕಪ್ಪು ಬಣ್ಣ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಕೇಬಲ್ ಕಳಪೆ ಅಂದುಕೊಂಡು ಇನ್ನೊಂದು ತಂದೆ. ಅದೇ ಬೂದಿ. ಮೂರನೆಯದು ತುದಿಗೆ ಚಿನ್ನದ ಬಣ್ಣ ಇರುವ ದಪ್ಪ ಕೇಬಲ್, ಮೊದಲಿನ ಎರಡರ ಬೆಲೆ ಕೂಡಿಸಿದರೂ ಅದರ ಬೆಲೆಗೆ ಸಾಲದು. ಮತ್ತೆ ಬೂದಿ! ಕೇಬಲ್‌ಗಳದ್ದು ಏನೂ ತಪ್ಪಿರಲಿಲ್ಲ, ಪಾಪ. ಗ್ರಾಫಿಕ್ಸ್ ಡ್ರೈವರ್ ನನ್ನ ಮಾನಿಟರನ್ನು ಟಿವಿ ಅಂದುಕೊಂಡು, 0ಯಿಂದ 255ರವರೆಗೆ ಕಳಿಸಬೇಕಾದ ಬಣ್ಣವನ್ನು 16ರಿಂದ 235ರ ಒಳಗೆ ಕುಗ್ಗಿಸಿ ಕಳಿಸುತ್ತಿತ್ತು. ಇಂಟೆಲ್ ಗ್ರಾಫಿಕ್ಸ್ ಇರುವವರಿಗೆ ಎಕ್ಸ್‌ರ್ಯಾಂಡರ್‌ನಲ್ಲಿ (ಎಕ್ಸ್11ನಲ್ಲಿ ಸ್ಕ್ರೀನ್ ಹೊಂದಿಸುವ ಕಮಾಂಡ್) 'ಬ್ರಾಡ್‌ಕಾಸ್ಟ್ ಆರ್‌ಜಿಬಿ' ಅಂತ ಒಂದು ಸೆಟ್ಟಿಂಗ್ ಸಿಗುತ್ತದೆ, ಅದನ್ನು 'ಫುಲ್' ಮಾಡಿದೆ. ಒಂದು ಸೆಕೆಂಡ್ ಸ್ಕ್ರೀನ್ ಆರಿ ಹತ್ತಿತು, ಕಪ್ಪು ಕಪ್ಪಾಯಿತು. ಮೂರು ಕೇಬಲ್ ಈಗಲೂ ಡ್ರಾಯರ್‌ನಲ್ಲಿವೆ.

ಆಮೇಲೆ 4ಕೆ ತಗೋ ಅಂದಿದ್ದ ಗೆಳೆಯನೇ ತನ್ನ 27 ಇಂಚಿನ 4ಕೆ ಮಾನಿಟರನ್ನು ಒಂದು ವಾರಕ್ಕೆ ಕೊಟ್ಟ. ಇಂಚಿಗೆ 163 ಪಿಕ್ಸೆಲ್, ಸ್ಕೇಲಿಂಗ್ 2 ಅದಕ್ಕೂ ಹೊಂದುತ್ತದೆ, ಸ್ವಲ್ಪ ದೊಡ್ಡದಾಗಿ ಕಾಣುತ್ತದೆ ಅಷ್ಟೇ. ಇದೇ ಪರಿಹಾರ ಅಂತ ಖುಷಿಯಾಗಿ ಒಂದು ಯುಎಸ್‌ಬಿ-ಸಿ ಹಬ್ ಕೊಂಡೆ. ಒಂದೇ ವೈರಿನಲ್ಲಿ ಮಾನಿಟರ್, ಕೀಬೋರ್ಡ್, ನೆಟ್‌ವರ್ಕ್ ಎಲ್ಲ ಬರಲಿ ಅಂತ. ಚಿತ್ರ ಬಂತು, ಆದರೆ ಮೌಸ್ ಕೆಸರಿನಲ್ಲಿ ಎಳೆದ ಹಾಗೆ ಚಲಿಸುತ್ತಿತ್ತು. ನೋಡಿದರೆ 30 ಹರ್ಟ್ಜ್, ಅಂದರೆ ಚಿತ್ರ ಸೆಕೆಂಡಿಗೆ ಮೂವತ್ತೇ ಸಲ ಬದಲಾಗುತ್ತಿತ್ತು, ಮಾಮೂಲಿ 60. ಹಬ್ಬಿನ ಪೆಟ್ಟಿಗೆ ಮೇಲೆ '4ಕೆ' ಅಂತ ದೊಡ್ಡದಾಗಿ ಬರೆದಿತ್ತು, ಎಷ್ಟು ಹರ್ಟ್ಜ್ ಅನ್ನುವುದು ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿತ್ತು.

ಯುಎಸ್‌ಬಿ-ಸಿಯಲ್ಲಿ ವೇಗದ ದಾರಿ ಇರುವುದು ನಾಲ್ಕು ಜೋಡಿ. ಇಂಥ ಹಬ್‌ಗಳು ಎರಡನ್ನು ಯುಎಸ್‌ಬಿ 3ಕ್ಕೆ ಕೊಟ್ಟು ಉಳಿದ ಎರಡರಲ್ಲಿ ಚಿತ್ರ ಕಳಿಸುತ್ತವೆ. ನನ್ನ ಲ್ಯಾಪ್‌ಟಾಪ್‌ ಚಿತ್ರ ಕಳಿಸುವ ವಿಧಾನ ಡಿಸ್‌ಪ್ಲೇಪೋರ್ಟ್ 1.2. ಎರಡು ದಾರಿಗೆ ಸೆಕೆಂಡಿಗೆ 8.64 ಗಿಗಾಬಿಟ್ ಮಾತ್ರ ಹೋಗುತ್ತದೆ, 4ಕೆ 60 ಹರ್ಟ್ಜ್‌ಗೆ ಹನ್ನೆರಡೂವರೆಯ ಹತ್ತಿರ ಬೇಕು. ಲ್ಯಾಪ್‌ಟಾಪ್‌ನಲ್ಲಿದ್ದ ಎಚ್‌ಡಿಎಂಐ 1.4ರದ್ದೂ 30ರದ್ದೇ ಹಾಡು. ಹಬ್ ಬಿಟ್ಟು ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್‌ಗೆ ಹೋಗುವ ನೇರ ಕೇಬಲ್ ಹಾಕಿದರೆ ನಾಲ್ಕೂ ದಾರಿ ಚಿತ್ರಕ್ಕೇ ಸಿಕ್ಕಿ 60 ಬಂತು. ಅಷ್ಟರಲ್ಲಿ ಹಬ್ಬಿನ ದುಡ್ಡು ಹೋಗಿತ್ತು, ಆ ದುಡ್ಡಿಗೆ ಇನ್ನೊಂದು ಸೆಕೆಂಡ್‌ಹ್ಯಾಂಡ್ ಮಾನಿಟರೇ ಬರುತ್ತಿತ್ತು. ವಾರ ಮುಗಿದು ಗೆಳೆಯ ಮಾನಿಟರ್ ಎತ್ತಿಕೊಂಡು ಹೋದ. ನಾನು ಹಠಕ್ಕೆ ಬಿದ್ದೆ. ಇನ್ನು ಒಂದು ಪೈಸೆ ಖರ್ಚು ಮಾಡಲ್ಲ, ಇದೇ ಹಳೇ ಮಾನಿಟರ್‌ನಲ್ಲೇ ಆಗಬೇಕು ಅಂತ.

ಎಕ್ಸ್11 ಬಿಟ್ಟು ಅದರ ಜಾಗಕ್ಕೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ಗೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀರಿ, ಗೊತ್ತು. ಹೋಗಿದ್ದೆ. ಅಲ್ಲಿ ಸ್ಕ್ರೀನಿಗೊಂದು ಸ್ಕೇಲ್ ಸಲೀಸಾಗಿ ಸಿಗುತ್ತದೆ. ನನ್ನ ದಿನದ ಕೆಲಸದ ಎರಡು ಹಳೇ ಪ್ರೋಗ್ರಾಂಗಳು ಮಾತ್ರ ಎಕ್ಸ್‌ವೇಲ್ಯಾಂಡ್ (ಎಕ್ಸ್11ಗೆ ಬರೆದದ್ದನ್ನು ವೇಲ್ಯಾಂಡ್‌ನಲ್ಲಿ ಓಡಿಸುವ ಸೇತುವೆ) ಮೂಲಕವೇ ಓಡಬೇಕು, ಅವು ಚಿಕ್ಕದಾಗಿ ಬರೆದುಕೊಂಡು ಆಮೇಲೆ ಹಿಗ್ಗುತ್ತಿದ್ದವು. ಒಳ್ಳೆಯ ಸ್ಕ್ರೀನಿನಲ್ಲೇ ಮಸುಕು. ನಿಮ್ಮ ಪ್ರೋಗ್ರಾಂಗಳಿಗೆ ಆ ಕಾಟ ಇಲ್ಲದಿದ್ದರೆ ಅಲ್ಲಿಗೇ ಹೋಗಿ, ಇಲ್ಲಿಂದ ಮುಂದೆ ಓದುವ ಅಗತ್ಯವೂ ಇಲ್ಲ.

ನಾನು ಅಷ್ಟು ದಿನ ಯೋಚಿಸುತ್ತಿದ್ದದ್ದು ಮಾನಿಟರ್‌ನಲ್ಲಿ ಎಲ್ಲವನ್ನೂ ಸಣ್ಣದು ಮಾಡುವುದು ಹೇಗೆ ಅಂತ. ಅದನ್ನು ತಿರುಗಿಸಿ ಹಾಕಿದೆ. ಸ್ಕೇಲಿಂಗ್ 2 ಎಲ್ಲ ಕಡೆ ಇರಲಿ, ಮಾನಿಟರ್ ತನ್ನ ಬಳಿ ಇಲ್ಲದ ಪಿಕ್ಸೆಲ್ ಇದೆ ಅಂತ ಸುಳ್ಳು ಹೇಳಲಿ. ಎಕ್ಸ್‌ರ್ಯಾಂಡರ್‌ನಲ್ಲಿ ಮಾನಿಟರ್‌ಗೆ ಸ್ಕೇಲ್ 2×2 ಕೊಟ್ಟರೆ ಎಕ್ಸ್ ಅದಕ್ಕಾಗಿ 3840×2160ರ ಚಿತ್ರ ಬರೆದು, ಆಮೇಲೆ 1920×1080ಕ್ಕೆ ಕುಗ್ಗಿಸಿ ಕಳಿಸುತ್ತದೆ. ಆಯ್ಕೆ ಹಳೆಯದೇ, ನಿಮಗೂ ಗೊತ್ತಿರುತ್ತದೆ. "ಅದು ಮಸುಕಾಗುತ್ತೆ, ಮೌಸ್ ಕೆಡುತ್ತೆ, ಬೇಡ" ಅಂತ ಎಲ್ಲರೂ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಎರಡೂ ನಿಜ. ಎರಡಕ್ಕೂ ಮದ್ದಿದೆ.

ಮೌಸ್ ನೋಡಿ. ಲ್ಯಾಪ್‌ಟಾಪ್‌ನಿಂದ ಬಲಕ್ಕೆ ಎಳೆದೆ, ಬಾಣ ಮಾನಿಟರ್‌ಗೆ ದಾಟಿತು, ನಡುವೆ ಎಲ್ಲೋ ನಿಂತಿತು. ಗೋಡೆಗೆ ಹೊಡೆದ ಹಾಗೆ. ಕೆಳಗೂ ಅಷ್ಟೇ, ಅರ್ಧಕ್ಕೆ ನಿಲ್ಲುತ್ತದೆ. ಫೈಲ್ ಸೇವ್ ಮಾಡುವ ಕಿಟಕಿ ಬಲಗಡೆ ಕಾಣುತ್ತಿದೆ, ಬಟನ್ ಕಾಣುತ್ತಿದೆ, ಮೌಸ್ ಅಲ್ಲಿಗೆ ಹೋಗಲ್ಲ. ಟ್ಯಾಬ್ ಒತ್ತಿ ಒತ್ತಿ ಸೇವ್ ಮಾಡಿದೆ. ಡ್ರೈವರ್ ಬದಲಿಸಿದೆ, ಕರ್ನಲ್ ಬದಲಿಸಿದೆ, ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಮಗಳ ಜಾಮೆಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದುಕೊಂಡು (ಸ್ಕೇಲಿಂಗ್ ಸರಿಮಾಡಲು ಸ್ಕೇಲೇ ಬೇಕಾಯಿತು ನೋಡಿ) ಬಾಣ ನಿಂತ ಜಾಗ ಅಳೆದೆ. ಎಡ ಅಂಚಿನಿಂದ ಇಪ್ಪತ್ತಾರೂವರೆ ಸೆಂಟಿಮೀಟರ್. ಮಾನಿಟರ್‌ನ ಅಗಲ 53. ಸರಿಯಾಗಿ ಅರ್ಧ! ಅಂದರೆ ಚಿತ್ರಕ್ಕೆ 3840 ಅಂತ ಗೊತ್ತಿದೆ, ಮೌಸ್ ಮಾತ್ರ ಇನ್ನೂ 1920ರ ಬೇಲಿಯೊಳಗೇ ಇದೆ. ಮೌಸ್ ಓಡಾಡುವ ಜಾಗ ಹೇಳುವ ಪ್ಯಾನಿಂಗ್ ಅನ್ನುವ ಆಯ್ಕೆಯಲ್ಲಿ 3840×2160+3200+0 ಅಂತ ಕೈಯಾರೆ ಕೊಟ್ಟೆ, ಬೇಲಿ ಹೋಯಿತು. ಆ ಸ್ಕೇಲನ್ನು ವಾಪಸ್ ಇಡುವುದು ಮರೆತು ಮಾರನೇ ದಿನ ಮಗಳ ಹತ್ತಿರ ಬೈಸಿಕೊಂಡೆ, ಅದು ಬೇರೆ.

ಪೂರ್ತಿ ಲೆಕ್ಕ ಹೀಗಿದೆ: ಒಟ್ಟು ಫ್ರೇಮ್‌ಬಫರ್ (ಎರಡೂ ಸ್ಕ್ರೀನ್ ಸೇರಿದ ದೊಡ್ಡ ಚಿತ್ರ) 7040×2160, ಅದರಲ್ಲಿ ಎಡದಿಂದ ಮತ್ತು ಮೇಲಿಂದ ಲೆಕ್ಕ ಹಾಕಿದರೆ ಮಾನಿಟರ್ 3200,0ರಲ್ಲಿ, ಲ್ಯಾಪ್‌ಟಾಪ್ 0,360ರಲ್ಲಿ. ಆ 360 ಯಾಕೆ ಅಂದರೆ 2160ರಲ್ಲಿ 1800 ಕಳೆದರೆ ಉಳಿಯುವುದು ಅದೇ. ಲ್ಯಾಪ್‌ಟಾಪ್ ಮೇಜಿನ ಮೇಲೆ ತಗ್ಗಿನಲ್ಲಿರುತ್ತದೆ, ಎರಡರ ಕೆಳ ಅಂಚು ಸೇರಿಸಿದರೆ ಮೌಸ್ ದಾಟುವಾಗ ಕಣ್ಣು ನಿರೀಕ್ಷಿಸಿದ ಕಡೆಯೇ ಹೋಗುತ್ತದೆ.

ಇನ್ನು ಮಸುಕು. ಇದರಲ್ಲಿ ಅರ್ಧ ಫಾಂಟ್ ಸೆಟ್ಟಿಂಗಿನದು. ಸಬ್‌ಪಿಕ್ಸೆಲ್ ರೆಂಡರಿಂಗ್ ಕೆಂಪು, ಹಸಿರು, ನೀಲಿ ಚುಕ್ಕಿಗಳ ಜಾಗ ನಂಬಿಕೊಂಡು ಅಕ್ಷರ ಬರೆಯುತ್ತದೆ. ಆಮೇಲೆ ಚಿತ್ರ ಕುಗ್ಗಿದರೆ ಆ ನಂಬಿಕೆಗೆ ಅರ್ಥವೇ ಇಲ್ಲ. ಗ್ರೇಸ್ಕೇಲ್ ಮಾಡಿದೆ, ಅಕ್ಷರದ ಅಂಚಿನ ಬಣ್ಣದ ಕೊಳೆ ಹೋಯಿತು. ಹಿಂಟಿಂಗ್‌ನಲ್ಲಿ (ಅಕ್ಷರದ ಗೆರೆಗಳನ್ನು ಪಿಕ್ಸೆಲ್‌ಗೆ ಹೊಂದಿಸಿ ಕೂರಿಸುವುದು) ಇನ್ನೊಂದು ಸಣ್ಣ ಕೈಚಳಕ ಇದೆ, ಅದಕ್ಕೆ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ, ಇಲ್ಲಿ ಹೇಳಲ್ಲ. ನೀವೂ ಸ್ವಲ್ಪ ತಡಕಾಡಿ.

ಉಳಿದರ್ಧ ಮಸುಕು ಗುಣಿಸುವ ಸಂಖ್ಯೆಯದು. 1.5, 1.7 ಎಲ್ಲ ಹಾಕಿ ನೋಡಿದೆ. ಒಂದು ಸಾಲು ದಪ್ಪ, ಮುಂದಿನ ಸಾಲು ತೆಳು, ಟರ್ಮಿನಲ್ ನೋಡಿದರೆ ಶಾಯಿ ಮುಗಿಯುತ್ತಿರುವ ಪ್ರಿಂಟರಿನ ಹಾಳೆ ನೆನಪಾಗುತ್ತಿತ್ತು. 2ರಲ್ಲಿ ನಾಲ್ಕು ಪಿಕ್ಸೆಲ್ ಸೇರಿ ಸಮವಾಗಿ ಒಂದಾಗುತ್ತವೆ, ಅದಕ್ಕೇ ನುಣುಪು.

ಹಾಗಾದರೆ 3 ಯಾಕಾಗಬಾರದು, ವ್ಯತ್ಯಾಸ ಇರುವುದೇ ಮೂರು ಪಟ್ಟು ಅಲ್ವಾ? ಈ ಹುಚ್ಚಿಗೆ ಒಂದು ಸಂಜೆ ಕೊಟ್ಟೆ. 3×3 ಕೊಟ್ಟ ಕೂಡಲೇ ಬೈಗುಳ ಬಂತು: ಸ್ಕ್ರೀನ್ 8192ಕ್ಕಿಂತ ದೊಡ್ಡದಿರುವಂತಿಲ್ಲ, ನೀನು ಕೇಳುತ್ತಿರುವುದು 8960. ಅಗಲ ತಾನೇ ಮಿತಿ ಮೀರಿದ್ದು? ಮಾನಿಟರನ್ನು ಲ್ಯಾಪ್‌ಟಾಪ್‌ನ ಬಲಕ್ಕೆ ಬಿಟ್ಟು ತಲೆ ಮೇಲೆ ಇದೆ ಅಂತ ಹೇಳಿದೆ. ಈಗ 5760 ಅಗಲ, 5040 ಎತ್ತರ, ಆರಾಮಾಗಿ ಹಿಡಿಸಿತು. ಸ್ವಲ್ಪ ಬೀಗಿದೆ ಕೂಡ. ಆದರೆ ಫಲಿತಾಂಶ ಸೊನ್ನೆ. ಕುಗ್ಗಿಸುವ ಫಿಲ್ಟರ್ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್ ಮಾತ್ರ ನೋಡುವಂಥದ್ದು. ಒಂಬತ್ತನ್ನು ಒಂದು ಮಾಡು ಅಂದರೆ ಉಳಿದವನ್ನು ನೋಡದೇ ಬಿಡುತ್ತದೆ. ತೆಳ್ಳನೆಯ ಗೆರೆಗಳು ಮಾಯ. ಟರ್ಮಿನಲ್‌ನಲ್ಲಿ ಅಡ್ಡಗೆರೆ ಅಲ್ಲಲ್ಲಿ ಇಲ್ಲವೇ ಇಲ್ಲ. ಮೇಲಿಂದ ಫ್ಯಾನ್ ವಿಮಾನದ ಹಾಗೆ ಕೂಗಿತು. 2ಕ್ಕೇ ಬಂದೆ. ಅದರಲ್ಲಿ ಮಾನಿಟರ್‌ನಲ್ಲಿರುವುದು ಲ್ಯಾಪ್‌ಟಾಪ್‌ಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ, ನಿಜ. ಮಾನಿಟರ್ ಒಂದು ಮೊಳ ಹಿಂದೆ ಸರಿಸಿದೆ. ಕಣ್ಣಿಗೆ ಸರಿಹೋಯಿತು, ಕಮಾಂಡ್ ಬೇಕಾಗಲಿಲ್ಲ.

ಕೊನೆಗೆ ಉಳಿದದ್ದು ಲ್ಯಾಪ್‌ಟಾಪ್ ಕಡೆ ಮೌಸ್ ಬಾಣ ಮಿಣಮಿಣ ಅನ್ನುವುದು. ಇದಕ್ಕೆ ಲ್ಯಾಪ್‌ಟಾಪ್ ಸ್ಕ್ರೀನಿಗೆ ಸ್ಕೇಲ್ 1ರ ಬದಲು 0.9999×0.9999 ಕೊಡಿ. ಹೌದು, ಹತ್ತು ಸಾವಿರದಲ್ಲಿ ಒಂದು ಪಾಲು ಕಮ್ಮಿ. ಕಣ್ಣಿಗೆ ಏನೂ ಗೊತ್ತಾಗಲ್ಲ, ಮಿಣುಕು ನಿಂತುಹೋಗುತ್ತದೆ. ಇದನ್ನು ಸೀನಿಯರ್‌ಗೆ ತೋರಿಸಿದಾಗ ಅವರು ನಗಲಿಲ್ಲ. ಎರಡು ಸಲ ಕೇಬಲ್ ಕಿತ್ತು ಹಾಕಿ ನೋಡಿದರು, "ಪರವಾಗಿಲ್ವೋ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ಜಾಸ್ತಿ ಬರಲ್ಲ.

ಬ್ಯಾಟರಿ? ಮಾನಿಟರ್ ಹಾಕಿದಾಗ ಚಾರ್ಜರ್ ಹೇಗೂ ಇರುತ್ತದೆ. ತೆಗೆದು ನೋಡಿದ ದಿನ ಒಂದು ಗಂಟೆ, ಒಂದೂಕಾಲು ಗಂಟೆ ಕಮ್ಮಿ ಬಂದ ನೆನಪು. ಫ್ಯಾನ್ ವಿಡಿಯೋ ಹಾಕಿದಾಗ ಮಾತ್ರ ಏಳುತ್ತದೆ. ಮಾನಿಟರ್‌ನಲ್ಲಿ ವಿಡಿಯೋ ನೋಡುವಾಗ ಚಿತ್ರ ಆಗೊಮ್ಮೆ ಈಗೊಮ್ಮೆ ಅಡ್ಡಕ್ಕೆ ಸೀಳಿದ ಹಾಗೆ ಕಾಣುವುದೂ ಉಂಟು, ನಾನು ವಿಡಿಯೋವನ್ನು ಲ್ಯಾಪ್‌ಟಾಪ್‌ಗೆ ತಳ್ಳುತ್ತೇನೆ.

ಕೇಬಲ್ ಸಿಕ್ಕಿಸಿದರೆ, ತೆಗೆದರೆ, ಮುಚ್ಚಳ ಮುಚ್ಚಿ ತೆರೆದರೆ ಇಷ್ಟನ್ನೂ ತಾನೇ ಹಾಕುವ ಒಂದು ಸ್ಕ್ರಿಪ್ಟ್ ಇದೆ, ನಲವತ್ತು ಸಾಲು ಇರಬಹುದು. ಅದನ್ನು ಕೊಡಲ್ಲ, ನನ್ನ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ನಡೆಯದ ಹಾಗೆ ಬರೆದಿಟ್ಟಿದ್ದೇನೆ. ಒಂದು ಸುಳಿವು ಕೊಡುತ್ತೇನೆ: ಕೇಬಲ್ ಸಿಕ್ಕಿದ ಸುದ್ದಿ ಬಂದ ಕೂಡಲೇ ಕಮಾಂಡ್ ಓಡಿಸಬೇಡಿ, ಎರಡು ಸೆಕೆಂಡ್ ಕಾಯಿರಿ. ಮಾನಿಟರ್ ತಾನು ಯಾರು ಅಂತ ಹೇಳಿಕೊಳ್ಳುವ ಮೊದಲೇ ಓಡಿಸಿ ನಾನು ಎಷ್ಟೋ ಸಲ ಕಪ್ಪು ಸ್ಕ್ರೀನ್ ನೋಡಿದ್ದೇನೆ.

ಲಾಗಿನ್ ಸ್ಕ್ರೀನ್ ಮಾತ್ರ ಇನ್ನೂ ಹಳೇ ದೈತ್ಯನೇ. ಸ್ಕ್ರಿಪ್ಟ್ ಓಡುವುದು ಲಾಗಿನ್ ಆದಮೇಲೆ. ಬೆಳಿಗ್ಗೆ ಐದು ಸೆಕೆಂಡ್ ಅಂಗೈ ಅಗಲದ ಪಾಸ್‌ವರ್ಡ್ ಪೆಟ್ಟಿಗೆ ಮಾನಿಟರ್ ತುಂಬಾ ಕೂತಿರುತ್ತದೆ, ಟೈಪ್ ಮಾಡಿ ಎಂಟರ್ ಒತ್ತುತ್ತೇನೆ, ಎಲ್ಲ ಪುಸಕ್ಕನೆ ಅರ್ಧಕ್ಕೆ ಇಳಿಯುತ್ತದೆ. ಅದನ್ನೂ ಸರಿಮಾಡಬಹುದು. ಮಾಡಿಲ್ಲ, ಆ ಇಳಿಯುವುದನ್ನು ನೋಡಲು ಒಂಥರಾ ಚೆನ್ನಾಗಿದೆ.