ಹಬ್ಬದ ರಜೆಗೆ ಮೊದಲು ಸ್ಪೀಕರಿನ ಜಾಗ ನೋಡಿ

ಆಯುಧಪೂಜೆ, ವಿಜಯದಶಮಿಯ ಜೊತೆಗೆ ಭಾನುವಾರವೂ ಸೇರಿಕೊಂಡರೆ ಮೂರು ದಿನ ಮನೆಯಲ್ಲೇ. ಈ ಸಲವಾದರೂ ಕೂತು ಸಂಗೀತ ಕೇಳಬೇಕು ಅಂದುಕೊಂಡವರು ಹೊಸ ಸ್ಪೀಕರ್ ತರಲು ಹೊರಡುವ ಮುಂಚೆ ಇರುವುದನ್ನೇ ಸರಿಯಾಗಿ ಇಟ್ಟು ನೋಡಿ. ತೊಂದರೆ ಹೆಚ್ಚಾಗಿ ಇರುವುದು ಯಂತ್ರದಲ್ಲಲ್ಲ, ಕೋಣೆಯಲ್ಲಿ.

ಮನೆಯ ಹಾಲ್‌ನ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ಅಡಗಿದರೆ ಸರಿ. ಟಣ್ ಎಂದು ಗೋಡೆಯಿಂದ ಗೋಡೆಗೆ ಹಾರಿದರೆ ಹಾಡೂ ಹಾಗೇ ಹಾರಿ ಸಾಹಿತ್ಯ ಕಲಸಿಹೋಗುತ್ತದೆ. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲದ ಬರಿದಾದ ಕೋಣೆಗಳ ಗುಣವೇ ಅದು. ಸ್ಪೀಕರಿಗೂ ನೀವು ಕೂರುವ ಜಾಗಕ್ಕೂ ನಡುವೆ ದಪ್ಪನೆಯ ಜಮಖಾನ ಹಾಸಿ. ಕಿಟಕಿಯ ಪರದೆಗೆ ಕಿಟಕಿಯ ಎರಡರಷ್ಟು ಅಗಲದ ಬಟ್ಟೆ ಇರಲಿ, ನೆರಿಗೆ ಬೀಳಬೇಕು. ಬಿಗಿಯಾಗಿ ಎಳೆದ ತೆಳು ಪರದೆ ಸದ್ದನ್ನು ಹೀರುವುದಿಲ್ಲ. ದಿವಾನ, ದಿಂಬು, ಪುಸ್ತಕದ ಕಪಾಟು ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಬೇಡಿ. ಅವು ಧೂಳು ಹಿಡಿಯುತ್ತವೆ, ದೀಪದ ಹಬ್ಬದ ಹೊತ್ತಿಗೆ ಬೆಂಕಿಯ ಭಯ ಬೇರೆ.

ಸ್ಪೀಕರನ್ನು ಮೂಲೆಗೆ ತಳ್ಳುವುದು ಎಲ್ಲರೂ ಮಾಡುವ ತಪ್ಪು. ಮೂಲೆ ತಗ್ಗಿನ ಸ್ವರಗಳನ್ನು ಉಬ್ಬಿಸುತ್ತದೆ. ತಬಲಾದ ಡಗ್ಗಾ, ಮೃದಂಗದ ಎಡಮಗ್ಗುಲು ಗುಮ್ಮೆನ್ನುತ್ತ ಹಾಡುವವರ ಗಂಟಲನ್ನೇ ಮುಚ್ಚಿಬಿಡುತ್ತವೆ. ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಾದರೂ ಮುಂದೆ ತನ್ನಿ. ಎರಡು ಸ್ಪೀಕರುಗಳ ನಡುವೆ 6 ಅಡಿ, ಒಂದೊಂದರಿಂದ ನಿಮಗೂ 6 ಅಡಿ ಇದ್ದರೆ ಒಳ್ಳೆಯದು. ಒಳಗಿನ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕಿವಿಯ ಮಟ್ಟಕ್ಕಿರಲಿ: ಕುರ್ಚಿಯಲ್ಲಿ ಕೂತರೆ ಸುಮಾರು 3 ಅಡಿ, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರೆ ಎರಡೂವರೆ. ಆಮೇಲೆ ಒಂಟಿ ಧ್ವನಿಯ ಹಳೆಯ ಮೋನೋ ಹಾಡೊಂದನ್ನು, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವಂಥದ್ದನ್ನು ಹಾಕಿ. ಧ್ವನಿ ಎರಡರ ನಟ್ಟನಡುವಿನಿಂದ ಬರಬೇಕು. ಎಲ್ಲಿಂದಲೋ ತೇಲಿ ಬಂದಂತಾಗಿ ಗಾತ್ರವೇ ಇಲ್ಲದಿದ್ದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ವೈರ್ ಅದಲುಬದಲಾಗಿದೆ ಎಂದೇ ತಿಳಿಯಿರಿ. ಆಂಪ್ಲಿಫೈಯರ್ ಆಫ್ ಮಾಡಿ ಸರಿಪಡಿಸಿ.

ಆಯುಧಪೂಜೆಯ ದಿನ ಇವಕ್ಕೂ ಪೂಜೆಯಾಗುತ್ತದೆ, ಆಗಲೇಬೇಕು. ಆದರೆ ಗಂಧ, ಕುಂಕುಮ ಮರದ ಪೆಟ್ಟಿಗೆಯ ಮೇಲಿರಲಿ, ಜಾಲರಿಯ ಮೇಲೆ ಬೇಡ. ಕುಂಕುಮದ ಪುಡಿ ಒಳಗಿನ ಕಾಯಿಲ್ ಮತ್ತು ಅಯಸ್ಕಾಂತದ ಸಂದಿಗೆ ಇಳಿದರೆ ಕರಕರ ಶುರುವಾಗುತ್ತದೆ, ಮನೆಯಲ್ಲಿ ರಿಪೇರಿ ಆಗುವಂಥದ್ದಲ್ಲ. ನೀರು ಪ್ರೋಕ್ಷಿಸುವ ಮುಂಚೆ ಪ್ಲಗ್ ಕೀಳಿ.

ಅಟ್ಟದಲ್ಲಿರುವ ಕ್ಯಾಸೆಟ್‌ಗಳನ್ನು ರಜೆಯ ಹಿಂದಿನ ದಿನವೇ ಇಳಿಸಿ. ವರ್ಷಗಟ್ಟಲೆ ಮುಟ್ಟದ ಟೇಪನ್ನು ನೇರವಾಗಿ ಪ್ಲೇ ಒತ್ತಿದರೆ ಸುತ್ತುಗಳು ಅಂಟಿಕೊಂಡಿದ್ದು ರೋಲರಿಗೆ ಸಿಕ್ಕಿ ಹರಿಯುತ್ತದೆ. ಮೂಲೆಯಿರುವ ಪೆನ್ಸಿಲ್ಲನ್ನು ತೂತಿಗೆ ತೂರಿಸಿ ಕೈಯಲ್ಲೇ ಸ್ವಲ್ಪ ಸಡಿಲಿಸಿ, ನಂತರ ಈ ತುದಿಯಿಂದ ಆ ತುದಿಗೆ ಒಮ್ಮೆ ಓಡಿಸಿ, ಮತ್ತೆ ಹಿಂದಕ್ಕೆ ತನ್ನಿ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ಬೇರೆಯಿಡಿ. ಟೇಪನ್ನು ಓದುವ ಹೆಡ್ಡಿಗೆ ಹತ್ತಿದ ಬೂಷ್ಟು ಮುಂದಿನ ಟೇಪಿಗೂ ಹೋಗುತ್ತದೆ. ಧ್ವನಿ ಕಂಬಳಿ ಹೊದ್ದಂತೆ ಮಂಕಾಗಿದ್ದರೆ ಕಾರಣ ಎರಡು: ಹೆಡ್ ಕೊಳೆಯಾಗಿದೆ, ಇಲ್ಲವೇ ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಉದುರಿದೆ. ಹೆಡ್ಡನ್ನು ಹತ್ತಿ ಸುತ್ತಿದ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ, 5 ನಿಮಿಷ ಆರಲು ಬಿಡಿ. ಹಾಡು ಓಲಾಡಿದರೆ ಬೆಲ್ಟ್ ಸಡಿಲವಾಗಿದೆ.

ಗ್ರಾಮಫೋನ್ ಪ್ಲೇಟುಗಳಲ್ಲಿ ಒಂದು ವ್ಯತ್ಯಾಸ ಮರೆಯಬಾರದು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಅರಗಿನವು, ಆಲ್ಕೋಹಾಲ್ ತಾಗಿದರೆ ಅರಗು ಕರಗುತ್ತದೆ. ನಂತರ ಬಂದ ಎಲ್‌ಪಿಗಳು ವಿನೈಲ್ ಎಂಬ ಪ್ಲಾಸ್ಟಿಕ್. ಎರಡನ್ನೂ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೆತ್ತನೆಯ ಬಟ್ಟೆ ಒದ್ದೆ ಮಾಡಿ, ಗೆರೆಗಳು ಹೋದ ದಿಕ್ಕಿನಲ್ಲೇ ಒರೆಸಿ. ಬೋರ್‌ವೆಲ್ ನೀರಿನ ಸುಣ್ಣ ಗೆರೆಯೊಳಗೆ ಕೂತು ಚಟಚಟ ಅನ್ನುತ್ತದೆ. ಮುಳ್ಳೂ ಬೇರೆ, 78ಕ್ಕೆ ಅಗಲದ್ದು ಬೇಕು. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಮುದ್ರಣ ಹಾಕಿದಾಗ ಧ್ವನಿ ತೆಳುವಾಗಿ, ಎತ್ತರವಾಗಿ ಕೇಳಿ ವೇಗ ತಪ್ಪಿದೆ ಎಂದು ಗಾಬರಿಯಾಗುವವರಿದ್ದಾರೆ. ಅವರ ಮೊದಲಿನ ಧ್ವನಿಯೇ ಹಾಗಿತ್ತು, ಗಂಟಲಿನ ಚಿಕಿತ್ಸೆಯ ನಂತರ ಗಡಸಾಯಿತು. ಹಳೆಯದನ್ನೂ ನಂತರದ ಎಲ್‌ಪಿಯನ್ನೂ ಒಂದರ ಹಿಂದೊಂದು ಕೇಳಿ, ಒಂದು ಮಧ್ಯಾಹ್ನ ಅದಕ್ಕೇ ಸಾರ್ಥಕ.

ದಿನಕ್ಕೆ ಎರಡು ಹೊತ್ತು ಕೇಳಿದರೆ ಸಾಕು, ಇಡೀ ದಿನ ಹಚ್ಚಿಟ್ಟರೆ ಅದು ಬರೀ ಸದ್ದು. ಬೆಳಿಗ್ಗೆ ಭೈರವ್, ತೋಡಿ ರಾಗ. ಮಧ್ಯಾಹ್ನ ಸಾರಂಗ, ಭೀಮ್‌ಪಲಾಸಿ. ದೀಪ ಹಚ್ಚಿದ ಮೇಲೆ ಯಮನ್. ಮಲಗುವ ಮುನ್ನ ಬಾಗೇಶ್ರೀ, ಇಲ್ಲವೇ ಕರ್ನಾಟಕ ಸಂಗೀತದ ನೀಲಾಂಬರಿ. ನಿಧಾನಗತಿಯ ಹಾಡಿಕೆಯಾದ ವಿಲಂಬಿತ ಖಯಾಲಿನ ಮೊದಲ 10 ನಿಮಿಷ ದಾಟಿಸಬೇಡಿ, ಕಿವಿ ಪಳಗುವುದೇ ಅಲ್ಲಿ. ವೀಣೆಯನ್ನು ಹತ್ತಿರ ಕೂತು ಫ್ಯಾನ್ ನಿಲ್ಲಿಸಿ ಕೇಳಿ. ನಾಗಸ್ವರ ದೇವಸ್ಥಾನದ ಪ್ರಾಕಾರಕ್ಕೆ ಹೇಳಿ ಮಾಡಿಸಿದ ವಾದ್ಯ, ಹಾಲ್‌ನಲ್ಲಿ ಹಾಕಿ ಜಗಲಿಯಲ್ಲಿ ಕೂತರೇ ಚೆಂದ.

ಪಕ್ಕದ ಮನೆಗೆ ಗೋಡೆ ದಾಟಿ ಹೋಗುವುದು ಬೇಸ್, ಅಂದರೆ ತಗ್ಗಿನ ಸ್ವರಗಳು. ರಾತ್ರಿ 10ರ ನಂತರ ವಾಲ್ಯೂಮಿನ ಜೊತೆ ಅದನ್ನೂ ಇಳಿಸಿ, ಸ್ಪೀಕರಿನ ಕೆಳಗೆ ಮಡಿಸಿದ ದಪ್ಪ ಟವೆಲ್ ಇಡಿ. ಫೋನಿನಿಂದ ಕೇಳುವವರು ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ತೆರೆಯಿರಿ. ಆಲಾಪದ ನಡುವೆ ಮೆಸೇಜಿನ ಟಿಂಗ್ ಬೀಳುವುದಿಲ್ಲ.

ಅಡುಗೆಯವರೂ ಕೂತು ಕೇಳಬೇಕಲ್ಲ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮುಂಚಿನ ದಿನವೇ ಆಗಲಿ, ಅನ್ನವೊಂದು ಬಿಸಿಯಾಗಿದ್ದರೆ ಊಟ ಸಿದ್ಧ. ಎಣ್ಣೆಸ್ನಾನ ಮಾಡುವವರು ಕಿವಿಯೊಳಗೆ ಎಣ್ಣೆ ಬಿಡಬೇಡಿ. ಕಿವಿಯ ಗುಗ್ಗೆ ನೆನೆದು ಉಬ್ಬಿದರೆ ಎಷ್ಟು ಒಳ್ಳೆಯ ಸ್ಪೀಕರ್ ಇದ್ದರೂ ಮಂಕೇ.

ರಜೆ ಮುಗಿದ ಸಂಜೆ ಕ್ಯಾಸೆಟ್‌ಗಳನ್ನು ಒಂದು ತುದಿಯವರೆಗೆ ಪೂರ್ತಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ. ಸ್ಪೀಕರಿನ ಮೇಲೆ ಮಾತ್ರ ಇಡಬೇಡಿ, ಅದರ ಅಯಸ್ಕಾಂತ ಟೇಪಿನ ಹಾಡನ್ನು ಅಳಿಸಬಲ್ಲದು.