ಇಬ್ಬನಿ ಕಾಲಕ್ಕೆ ನಾಯಿಗೊಂದು ಬಾಗಿಲಿರುವ ಗೂಡು

ದೀಪಾವಳಿ ಕಳೆದು ಕಾರ್ತಿಕದ ಮಂಜು ಇಳಿಯತೊಡಗಿದರೆ ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರದ ಕಡೆಯ ಮನೆಗಳಲ್ಲಿ ನಾಯಿಗೂ ಕೆಲಸ ಹೆಚ್ಚುತ್ತದೆ. ಮೊದಲು ಅರೇಬಿಕಾ ಕಣಕ್ಕೆ ಬರುತ್ತದೆ, ಜನವರಿಯ ಹೊತ್ತಿಗೆ ರೋಬಸ್ಟಾ. ಹಗಲು ಹರವಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ ಬೆಳಗಿನವರೆಗೆ ಅದನ್ನು ಕಾಯುವುದು ನಾಯಿಯ ಪಾಲಿಗೆ ಬರುತ್ತದೆ. ಅದಕ್ಕೆ ವರ್ಷದಲ್ಲೇ ಕಷ್ಟದ ದಿನಗಳೂ ಇವೇ. ರಾತ್ರಿಯ ಚಳಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ಒಣಹವೆಗೆ ರಕ್ತ ಹೀರುವ ಉಣ್ಣೆಹುಳು ಏಳುತ್ತದೆ, ಕತ್ತಲಾದರೆ ಚಿರತೆ ತೋಟದ ಅಂಚಿಗೆ ಬರುತ್ತದೆ.

‘ಊರುನಾಯಿಗೆ ಏನು ಆರೈಕೆ, ಅದರ ಪಾಡಿಗೆ ಅದು ಇರುತ್ತದೆ’ ಎಂಬ ಮಾತು ನಮ್ಮ ಕಡೆ ಹಳೆಯದು. ನಾನೂ ಅದನ್ನೇ ನಂಬಿದ್ದೆ. ನಮ್ಮ ಕೆಂಚನನ್ನು ಪ್ರತಿ ಕೊಯ್ಲಿಗೂ ಕಣದ ಮೂಲೆಯ ಕಲ್ಲುಕಂಬಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದೆವು. ಒಂದು ಡಿಸೆಂಬರಿನ ನಡುರಾತ್ರಿ ಅವನು ಬೊಗಳಿದ್ದು ಕೇಳಿಸಿತು. ಕಾಡುಹಂದಿ ಬಂದಿರಬೇಕು ಎಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಸರಪಳಿ ಇತ್ತು, ಅದರ ತುದಿಯಲ್ಲಿ ಹರಿದ ಕೊರಳಪಟ್ಟಿ ಇತ್ತು. ಇಬ್ಬನಿ ಕೂತ ಹುಲ್ಲಿನ ಮೇಲೆ ಏನನ್ನೋ ಎಳೆದುಕೊಂಡು ಹೋದ ಹಾದಿ ಬೇಲಿಯವರೆಗೂ ಕಪ್ಪಗೆ ಕಾಣುತ್ತಿತ್ತು. ಬಿಟ್ಟ ನಾಯಿಯಾದರೆ ಓಡಿ ಮನೆಯ ಅಟ್ಟಣೆಗೋ ಸೌದೆಕೊಟ್ಟಿಗೆಗೋ ನುಗ್ಗಿ ಪಾರಾಗಬಹುದು. ಕಟ್ಟಿದ ನಾಯಿಗೆ ಆ ದಾರಿಯೂ ಇಲ್ಲ. ಆ ದಾರಿಯನ್ನು ಮುಚ್ಚಿದವರು ನಾವು.

ಆದ್ದರಿಂದ ಈ ಲೇಖನದಲ್ಲಿ ಗೂಡಿನ ವಿಷಯವೇ ಹೆಚ್ಚು. ಗೂಡಿನೊಳಗೆ ಹಾಕಿದರೆ ಕಾವಲು ಹೋಯಿತು ಎನ್ನುವವರಿದ್ದಾರೆ. ನಾಯಿಯ ಕಾವಲು ಇರುವುದು ಮೂಗಿನಲ್ಲಿ, ಕಿವಿಯಲ್ಲಿ ಮತ್ತು ಗಂಟಲಿನಲ್ಲಿ. ಬಾಗಿಲು ಹಾಕಿದ ಗೂಡಿನಿಂದಲೂ ಅದು ವಾಸನೆ ಹಿಡಿಯುತ್ತದೆ, ಬೊಗಳುತ್ತದೆ, ನಿಮ್ಮನ್ನು ಎಬ್ಬಿಸುತ್ತದೆ. ಕಳ್ಳನನ್ನೋ ಚಿರತೆಯನ್ನೋ ಎದುರಿಸಿ ಹೋರಾಡಬೇಕು ಎಂದು ಅದರಿಂದ ಕೇಳುವುದು ನ್ಯಾಯವಲ್ಲ.

ಗೂಡು ಕಟ್ಟುವ ಕ್ರಮ

ಮೊದಲು ಜಾಗ ಆರಿಸಿ. ಕಣ ಕಾಣುವಂತಿರಬೇಕು, ಆದರೆ ಮನೆಯ ಗೋಡೆಗೆ ಒತ್ತಿಕೊಂಡಿರಬೇಕು. ತೋಟದ ಕಡೆಗೆ ಒಂಟಿಯಾಗಿ ನಿಲ್ಲಿಸಬೇಡಿ. ಚಳಿಗಾಲದಲ್ಲಿ ನಮ್ಮಲ್ಲಿ ಗಾಳಿ ಬೀಸುವುದು ಈಶಾನ್ಯದಿಂದ, ಬಿಸಿಲು ವಾಲುವುದು ದಕ್ಷಿಣಕ್ಕೆ. ಹಾಗಾಗಿ ಬಾಗಿಲು ದಕ್ಷಿಣಕ್ಕೆ ಮುಖ ಮಾಡಿದರೆ ಗಾಳಿಯೂ ತಪ್ಪುತ್ತದೆ, ಎಳೆಬಿಸಿಲೂ ಒಳಗೆ ಬೀಳುತ್ತದೆ.

ನೆಲದ ಮೇಲೇ ಗೂಡು ಕೂರಿಸಬಾರದು. ನಾಲ್ಕು ಮೂಲೆಗೆ ಜಂಬಿಟ್ಟಿಗೆ ಕಲ್ಲನ್ನೋ ಸಿಮೆಂಟ್ ಇಟ್ಟಿಗೆಯನ್ನೋ ಇಟ್ಟು ಅರ್ಧ ಅಡಿ ಎತ್ತರಿಸಿ, ಅದರ ಮೇಲೆ ಹಲಗೆ ಹಾಸಿ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಕೊಯ್ಸಿದ ಹಲಗೆ ಮನೆಯಲ್ಲಿದ್ದರೆ ಅದೇ ಸಾಕು. ಸಾಧಾರಣ ಊರುನಾಯಿಗೆ ನಾಲ್ಕಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ ಧಾರಾಳ. ತೀರಾ ದೊಡ್ಡದು ಮಾಡಿದರೆ ನಾಯಿಯ ಮೈಶಾಖ ಒಳಗೆ ನಿಲ್ಲುವುದಿಲ್ಲ. ಅದು ಎದ್ದು ನಿಂತು, ಒಂದು ಸುತ್ತು ತಿರುಗಿ, ಮುದುಡಿ ಮಲಗುವಷ್ಟಿದ್ದರೆ ಸರಿ.

ಮೂರು ಬದಿಗೆ ಹಲಗೆ ಹೊಡೆದು, ಬಾಗಿಲ ಬದಿಗೆ ದಪ್ಪ ತಂತಿಯ ವೆಲ್ಡ್ ಮೆಷ್ ಹಾಕಿ. ಕೋಳಿಗೂಡಿಗೆ ಹಾಕುವ ತೆಳು ಬಲೆ ಚಿರತೆಯ ಒಂದು ಏಟಿಗೆ ಕಿತ್ತು ಬರುತ್ತದೆ. ಮಾಡು ಕಡ್ಡಾಯವಾಗಿ ಮುಚ್ಚಿರಬೇಕು, ಏಕೆಂದರೆ ಚಿರತೆಗೆ ಆರಡಿ ಗೋಡೆ ಲೆಕ್ಕಕ್ಕಿಲ್ಲ. ಬರೀ ತಗಡು ಹೊದಿಸಿದರೆ ಬೆಳಗಿನ ಜಾವ ಒಳಗಿನ ಉಸಿರಿನ ಹಬೆ ತಗಡಿಗೆ ತಾಗಿ ಹನಿಯಾಗಿ ಮೈಮೇಲೆ ತೊಟ್ಟಿಕ್ಕುತ್ತದೆ. ತಗಡಿನ ಅಡಿಗೆ ಹಲಗೆಯನ್ನೋ ಅಡಿಕೆ ದಬ್ಬೆಯನ್ನೋ ಹೊಡೆದರೆ ಈ ತೊಂದರೆ ಇಲ್ಲ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಚಿಲಕಕ್ಕೆ ಒಂದು ಕೊಕ್ಕೆ ಅಥವಾ ಬೋಲ್ಟ್ ತೂರಿಸಿ. ಪಂಜದಿಂದ ಕೆರೆದರೆ ಜಾರುವ ಚಿಲಕ ಚಿಲಕವಲ್ಲ.

ಕೊನೆಗೆ ಒಳಗೋಡೆಗೆಲ್ಲ ಸುಣ್ಣ ಬಳಿಯಿರಿ, ಸಂದುಗಳಿಗೆ ತುಂಬುವಂತೆ. ಇದರ ಕಾರಣ ಉಣ್ಣೆಯ ಮಾತಿಗೆ ಬಂದಾಗ ತಿಳಿಯುತ್ತದೆ.

ಹಾಸಿಗೆಗೆ ಒಣ ಭತ್ತದ ಹುಲ್ಲಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಂದು ಗೇಣು ದಪ್ಪಕ್ಕೆ ಹಾಸಿದರೆ ನಾಯಿ ತನಗೆ ಬೇಕಾದ ಹಾಗೆ ಕೆದರಿ ಗುಂಡಿ ಮಾಡಿಕೊಳ್ಳುತ್ತದೆ. ಗೋಣಿಚೀಲ ಹಾಸುವುದಾದರೆ ದಿನವೂ ಬಿಸಿಲಿಗೆ ಹಾಕಬೇಕು, ಇಬ್ಬನಿ ಹೀರಿದ ಗೋಣಿ ಬರಿಯ ನೆಲಕ್ಕಿಂತ ತಣ್ಣಗಿರುತ್ತದೆ. ಗೊಬ್ಬರದ, ಕೀಟನಾಶಕದ ಚೀಲ ಯಾವ ಕಾರಣಕ್ಕೂ ಬೇಡ.

ಹೊಸ ಗೂಡಿಗೆ ನಾಯಿ ತಾನಾಗಿ ಹೋಗುವುದಿಲ್ಲ. ಮೊದಲ ವಾರ ರಾತ್ರಿಯ ಊಟವನ್ನು ಅಲ್ಲಿಯೇ ಇಡಿ, ಬಾಗಿಲು ತೆರೆದಿರಲಿ. ಮನೆಯವರ ಹಳೆಯ ಅಂಗಿಯೊಂದನ್ನು ಹುಲ್ಲಿನ ಮೇಲೆ ಹಾಕಿದರೆ ಬೇಗ ಒಗ್ಗುತ್ತದೆ. ಒಗ್ಗಿದ ಮೇಲೆ ದೀಪ ಹಚ್ಚುವ ಹೊತ್ತಿಗೆ ಒಳಗೆ, ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಗೆ. ಈ ಎರಡು ಹೊತ್ತನ್ನು ತಪ್ಪಿಸಬೇಡಿ. ಚಿರತೆ ಹೆಚ್ಚು ತಿರುಗಾಡುವುದು ಮಬ್ಬುಗತ್ತಲಿನಲ್ಲೇ. ಬೆಳಗಿನ ಮಂಜು ಕವಿದಿದ್ದರೆ ಅದು ಕರಗುವವರೆಗೂ ಕಾಯಿರಿ.

ಬಚ್ಚಲೊಲೆಯ ಬೂದಿ

ನಮ್ಮ ಕಡೆಯ ಎಷ್ಟೋ ನಾಯಿಗಳ ಚಳಿಗಾಲದ ಜಾಗ ಬಚ್ಚಲುಮನೆಯ ಒಲೆ. ಹಂಡೆಯ ನೀರು ಕಾದು ಬೆಂಕಿ ಇಳಿದ ಮೇಲೆ ಒಲೆಯ ಬಾಯಿಗೆ ಬೆನ್ನು ಕೊಟ್ಟು ಮಲಗುತ್ತವೆ. ನಮ್ಮ ಚುಕ್ಕಿ ಬೂದಿಯೊಳಗೇ ಮೂತಿ ಹುದುಗಿಸಿ ಮಲಗುತ್ತಾಳೆ. ಎದ್ದು ಬಂದಾಗ ಮೀಸೆ, ರೆಪ್ಪೆಗೂದಲೆಲ್ಲ ಬೆಳ್ಳಗೆ. ಅವಳನ್ನು ಅಲ್ಲಿಂದ ಎಬ್ಬಿಸಲು ನನಗೂ ಮನಸ್ಸಾಗುವುದಿಲ್ಲ. ಆದರೆ ಬೂದಿಯ ಅಡಿಯ ಕೆಂಡ ಗಂಟೆಗಟ್ಟಲೆ ಆರುವುದಿಲ್ಲ. ಒಂದು ಸಲ ಹೊಟ್ಟೆಯ ಕೂದಲು ಸುಟ್ಟು ಬೊಬ್ಬೆ ಬಂದಿತ್ತು. ಈಗ ಸ್ನಾನ ಮುಗಿದ ಕೂಡಲೇ ಕೆಂಡವನ್ನು ಒಲೆಯ ಹಿಂಭಾಗಕ್ಕೆ ತಳ್ಳಿ, ಎದುರಿಗೆ ಒಂದು ಕಲ್ಲು ಅಡ್ಡ ಇಡುತ್ತೇವೆ. ನಾಯಿಗೆ ಶಾಖ ಸಿಗುತ್ತದೆ, ಕೆಂಡ ಸಿಗುವುದಿಲ್ಲ.

ಜೀಪು, ಪಿಕಪ್ಪಿನ ಅಡಿಯಲ್ಲೂ ಬಿಸಿ ಎಂಜಿನ್ನಿಗೆ ಆಸೆಪಟ್ಟು ಮಲಗುತ್ತವೆ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಬಗ್ಗಿ ನೋಡಿ.

ಊಟ, ಸ್ನಾನ

ಚಳಿಯಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲು ಹೆಚ್ಚು ಆಹಾರ ಬೇಕು. ಮಾಮೂಲಿಗಿಂತ ಒಂದು ಹಿಡಿ ಜಾಸ್ತಿ ಹಾಕಿ, ರಾತ್ರಿಯ ಊಟ ಉಗುರುಬೆಚ್ಚಗಿರಲಿ. ಮುದ್ದೆ, ಗಂಜಿಯನ್ನ ಯಾವುದಾದರೂ ಸರಿ, ಜೊತೆಗೆ ಮೊಟ್ಟೆಯೋ ಘಟ್ಟದ ಕೆಳಗಿನಿಂದ ಬರುವ ಬೂತಾಯಿ ಮೀನೋ ಇರಲಿ. ಬರೀ ಅನ್ನ ತಿಂದ ನಾಯಿಯ ಮೈಯಲ್ಲಿ ಕಸುವು ನಿಲ್ಲುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅವು ನಾಯಿಯ ರಕ್ತಕಣಗಳನ್ನು ಹಾಳುಮಾಡುತ್ತವೆ. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಸ್ನಾನವನ್ನು ಡಿಸೆಂಬರ್, ಜನವರಿಯಲ್ಲಿ ಆದಷ್ಟು ಮುಂದೂಡಿ. ಮಾಡಿಸಲೇಬೇಕಾದರೆ ನಡುಮಧ್ಯಾಹ್ನ, ಬೆಚ್ಚಗಿನ ನೀರು, ಬಿಸಿಲಲ್ಲೇ ಒರೆಸಿ ಒಣಗಿಸಬೇಕು.

ವಯಸ್ಸಾದ ನಾಯಿ ಬೆಳಿಗ್ಗೆ ಏಳಲು ಕಷ್ಟಪಟ್ಟರೆ ಅದು ಸೋಮಾರಿತನವಲ್ಲ, ಕೀಲುನೋವು. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಕೊಡಬೇಡಿ. ನಮಗೆ ನೋವು ಇಳಿಸುವ ಮಾತ್ರೆ ನಾಯಿಯ ಯಕೃತ್ತು, ಮೂತ್ರಪಿಂಡ ಅಥವಾ ಜಠರವನ್ನು ಕೆಡಿಸಬಲ್ಲದು.

ಉಣ್ಣೆ: ದಿನಕ್ಕೆ ಹತ್ತು ನಿಮಿಷ

ಮಳೆಗಾಲದಲ್ಲಿ ಇಂಬಳ (ಜಿಗಣೆ), ಚಳಿ ಮತ್ತು ಬೇಸಿಗೆಯಲ್ಲಿ ಉಣ್ಣೆ. ಇಂಬಳ ರಕ್ತ ಕುಡಿದು ಬಿಟ್ಟುಹೋಗುತ್ತದೆ, ಉಣ್ಣೆ ರೋಗವನ್ನೂ ಕೊಟ್ಟುಹೋಗುತ್ತದೆ. ಸಂಜೆ ನಾಯಿಯನ್ನು ಜಗಲಿಯಲ್ಲಿ ಮಲಗಿಸಿಕೊಂಡು ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಅಡಿ, ಬಾಲದ ಬುಡ ಈ ನಾಲ್ಕು ಕಡೆ ಬೆರಳಾಡಿಸಿ. ತೊಗರಿಕಾಳಿನಂತೆ ಕೈಗೆ ತಾಗುತ್ತದೆ.

ತೆಗೆಯಲು ಸಣ್ಣ ಚಿಮಟ ಬೇಕು. ಕೂದಲನ್ನು ಎರಡು ಕಡೆಗೆ ಸರಿಸಿ, ಉಣ್ಣೆಯನ್ನು ಚರ್ಮಕ್ಕೆ ಅಂಟಿಕೊಂಡ ಜಾಗದಲ್ಲೇ ಹಿಡಿದು, ತಿರುಚದೆ ನಿಧಾನವಾಗಿ ನೆಟ್ಟಗೆ ಎಳೆಯಿರಿ. ಊದಿದ ಹೊಟ್ಟೆಯನ್ನು ಹಿಡಿದರೆ ಅದರೊಳಗಿನದು ನಾಯಿಯ ಮೈಗೇ ಇಳಿಯುತ್ತದೆ. ಸೀಮೆಎಣ್ಣೆ ಸುರಿಯುವುದು, ಬೀಡಿ ತಾಗಿಸುವುದು ಬೇಡ. ತೆಗೆದದ್ದನ್ನು ಉಗುರಿನಲ್ಲಿ ಚಿಟುಕಬೇಡಿ, ಸೋಪಿನ ನೀರಿಗೆ ಹಾಕಿ, ಕೈ ತೊಳೆದುಕೊಳ್ಳಿ.

ನಾಯಿಗೆ ಹತ್ತುವ ಕಂದು ಉಣ್ಣೆ ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ. ಕೆಳಗಿಳಿದು ಗೋಡೆಯ, ಹಲಗೆಯ ಬಿರುಕಿಗೆ ಸೇರಿ ಒಂದೊಂದೂ ಸಾವಿರಾರು ಮೊಟ್ಟೆ ಇಡುತ್ತದೆ. ಸುಣ್ಣ ಬಳಿದು ಸಂದು ಮುಚ್ಚಲು ಹೇಳಿದ್ದು ಇದಕ್ಕೇ. ಬೆನ್ನಿನ ಮೇಲೆ ಬಿಡುವ ಹನಿಮದ್ದು, ಮಾತ್ರೆ ಈಗ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತವೆ, ನಾಯಿಯ ತೂಕ ಹೇಳಿ ವೈದ್ಯರಿಂದ ಬರೆಸಿಕೊಳ್ಳಿ. ದನಕ್ಕೆ ತಂದ ಔಷಧವನ್ನು, ತೋಟಕ್ಕೆ ಹೊಡೆಯುವ ಔಷಧವನ್ನು ಅಂದಾಜಿನಲ್ಲಿ ಸವರಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ, ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯುತ್ತದೆ.

ನಾಯಿ ಎರಡು ಹೊತ್ತು ಊಟ ಬಿಟ್ಟಿತು, ಮೈ ಸುಡುತ್ತಿದೆ, ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿದೆ, ಮೂಗಿನಿಂದ ರಕ್ತ ಬರುತ್ತಿದೆ ಎಂದಾದರೆ ಉಣ್ಣೆಜ್ವರದ ಅನುಮಾನ ಬರಬೇಕು. ರಕ್ತ ಪರೀಕ್ಷೆಯಾಗಬೇಕು, ತಡ ಮಾಡಬಾರದು. ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯವರಿಗೆ ಹತ್ತಿರ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಇನ್ನೊಂದನ್ನು ನೆನಪಿಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಅದರ ಕಾಲವೂ ಇದೇ, ಚಳಿಗಾಲದಿಂದ ಬೇಸಿಗೆಯವರೆಗೆ. ಸೌದೆಗೆ, ದರಗಿಗೆ (ಉದುರಿದ ಒಣ ಎಲೆಗೆ) ಕಾಡಿಗೆ ಹೋದಾಗ ಜೊತೆಗೆ ಬಂದ ನಾಯಿ ಆ ಉಣ್ಣೆಗಳನ್ನು ಮೈಮೇಲೆ ಹೊತ್ತು ಜಗಲಿಗೆ ತರಬಹುದು. ಸತ್ತ ಮಂಗ ಕಂಡರೆ ನಾಯಿಯನ್ನು ದೂರವಿಟ್ಟು ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕಣದಲ್ಲಿ, ತೋಟದಲ್ಲಿ

ಕಾಫಿ ಹಣ್ಣಿನ ಸಿಪ್ಪೆ ಸಿಹಿ, ಕೆಲವು ನಾಯಿಗಳು ಅದಕ್ಕೆ ಬಾಯಿ ಹಾಕುತ್ತವೆ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷ. ನಿಂತಲ್ಲಿ ನಿಲ್ಲದ ಚಡಪಡಿಕೆ, ಏದುಸಿರು, ವಾಂತಿ, ನಡುಕ ಕಂಡರೆ ವೈದ್ಯರಿಗೆ ‘ಕಾಫಿ ತಿಂದಿದೆ’ ಎಂದೇ ಹೇಳಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ನಿಲ್ಲುವ ಗುಂಡಿಗೆ, ಹುದುಗು ತೊಟ್ಟಿಗೆ ಹಲಗೆ ಮುಚ್ಚಿ.

ಗದ್ದೆಯಂಚಿನಲ್ಲಿ ಹಂದಿಗೆಂದು ಕದ್ದು ಇಟ್ಟ ತಂತಿ ಉರುಳಿಗೆ ಸಿಕ್ಕುವುದು ಹೆಚ್ಚಾಗಿ ನಾಯಿಗಳೇ. ಸಿಕ್ಕಿದ ನಾಯಿಯನ್ನು ಎಳೆಯಬೇಡಿ, ಎಳೆದಷ್ಟೂ ತಂತಿ ಬಿಗಿಯುತ್ತದೆ. ನೋವಿಗೆ ಅದು ನಿಮ್ಮನ್ನೇ ಕಚ್ಚಬಹುದು. ಗೋಣಿಯನ್ನೋ ಕಂಬಳಿಯನ್ನೋ ತಲೆಯ ಮೇಲೆ ಹೊದಿಸಿ ಒಬ್ಬರು ಅದುಮಿ ಹಿಡಿಯಬೇಕು, ಇನ್ನೊಬ್ಬರು ಗೂಟದ ಕಡೆಯ ತಂತಿಯನ್ನು ಮೊದಲು ಕತ್ತರಿಸಬೇಕು. ಚರ್ಮಕ್ಕಿಳಿದ ತಂತಿಯನ್ನು ಆಸ್ಪತ್ರೆಯಲ್ಲೇ ಬಿಡಿಸಲಿ.

ಆನೆ ಇರುವ ಕಡೆ, ಅಂದರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ, ಬೆಳಗಿನ ಜಾವ ಕೆಲಸಕ್ಕೆ ಹೊರಟಾಗ ನಾಯಿಯನ್ನು ಮನೆಯಲ್ಲೇ ಬಿಡಿ. ಅದು ಮುಂದೆ ಹೋಗಿ ಆನೆಯನ್ನು ಬೊಗಳಿ ಕೆಣಕುತ್ತದೆ. ಹೆದರಿದಾಗ ಓಡಿ ಬರುವುದು ಯಜಮಾನನ ಕಾಲಬುಡಕ್ಕೆ. ಅದರ ಹಿಂದೆಯೇ ಆನೆ ಬರುತ್ತದೆ.

ಮರಿಗಳು

ಮಳೆಗಾಲದ ಕೊನೆಗೆ ಬೆದೆಗೆ ಬಂದ ಹೆಣ್ಣುನಾಯಿಗಳು ಸುಮಾರು 63 ದಿನಕ್ಕೆ, ಚಳಿ ಏರಿದ ಹೊತ್ತಿಗೆ ಸರಿಯಾಗಿ ಮರಿ ಹಾಕುತ್ತವೆ. ಮೊದಲ ಮೂರು ವಾರ ಮರಿಗೆ ತನ್ನ ಮೈ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಹಾಲಿಲ್ಲದೆ ಸತ್ತಿತು ಎಂದುಕೊಳ್ಳುವ ಎಷ್ಟೋ ಮರಿಗಳು ಸಾಯುವುದು ಚಳಿಗೆ. ತಣ್ಣಗಾದ ಮರಿಗೆ ಮೊದಲು ಹಾಲಲ್ಲ, ಶಾಖ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮಗ್ಗುಲಿಗೆ ಇಟ್ಟು, ಮೈ ಬೆಚ್ಚಗಾದ ಮೇಲೆ ತಾಯಿಯ ಮೊಲೆಗೆ ಹಿಡಿಸಿ. ಎಂಟು ವಾರ ತುಂಬುವ ಮೊದಲು ಯಾರು ಕೇಳಿದರೂ ಕೊಡಬೇಡಿ.

ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೋ ಎಂಬ ವೈರಸ್ ರೋಗಗಳ ಲಸಿಕೆಯ ಮೊದಲ ಸುತ್ತು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮರುಸುತ್ತು. ಡಿಸ್ಟೆಂಪರ್ ನಮ್ಮ ನಾಯಿಯಲ್ಲೇ ನಿಲ್ಲುವ ರೋಗವಲ್ಲ. 2018ರಲ್ಲಿ ಗಿರ್ ಕಾಡಿನ ಸಿಂಹಗಳಲ್ಲಿ ಕಾಣಿಸಿಕೊಂಡದ್ದು ಇದೇ ವೈರಸ್. ಭದ್ರಾ ಕಾಡಿನಂಚಿನ ಊರುಗಳಲ್ಲಿ ನಾಯಿಗೆ ಲಸಿಕೆ ಹಾಕಿಸಿದರೆ ಒಳಗಿನ ಸೀಳುನಾಯಿಗಳಿಗೂ ಅಷ್ಟು ರಕ್ಷಣೆ. ಮರಿ ಬೇಡವಾದವರು ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಮರಿಗಳನ್ನು ಚೀಲಕ್ಕೆ ತುಂಬಿ ಘಾಟಿಯ ತಿರುವಿನಲ್ಲಿ ಬಿಟ್ಟು ಬರುವುದನ್ನು ದಯವಿಟ್ಟು ನಿಲ್ಲಿಸಿ.

ಆಡುವಾಗ ಮರಿಯ ಹಲ್ಲು ತಾಗಿ ರಕ್ತ ಬಂದರೂ ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ.

ಕೊಯ್ಲು ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮುಂಚೆ ಗೂಡಿನ ಹುಲ್ಲನ್ನೆಲ್ಲ ಹೊರಗೆಳೆದು ದೂರ ಒಯ್ದು ಸುಟ್ಟುಬಿಡಿ, ಉಣ್ಣೆ, ಮೊಟ್ಟೆ ಎಲ್ಲ ಅದರಲ್ಲೇ ಹೋಗುತ್ತವೆ. ಹಲಗೆ ಎರಡು ದಿನ ಬಿಸಿಲು ಕಾಯಲಿ. ಆಮೇಲೆ ಇನ್ನೊಂದು ಕೈ ಸುಣ್ಣ ಬಳಿದು, ಚಿಲಕಕ್ಕೆ ಎರಡು ಹನಿ ಎಣ್ಣೆ ಬಿಡಿ. ರಾತ್ರಿ ಬಾಗಿಲು ಹಾಕುವುದನ್ನು ಮಾತ್ರ ಬೇಸಿಗೆ ಬಂತೆಂದು ನಿಲ್ಲಿಸಬೇಡಿ.