ಚಿತ್ರಪುಸ್ತಕ ತೆರೆದು ಚರಿತ್ರೆ ಹೇಳುವುದು ಹೇಗೆ?

ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಇಸವಿ, ರಾಜವಂಶ ಹೇಳಿದರೆ ಆಕಳಿಕೆ ಬರುತ್ತದೆ. ‘ನಮ್ಮೂರಲ್ಲಿ ಒಬ್ಬರು ಇದ್ದರು’ ಅಂದರೆ ಹತ್ತಿರ ಬಂದು ಕೂರುತ್ತಾರೆ. ಒಬ್ಬರ ಬದುಕನ್ನು ಹೇಳುವ ಚಿತ್ರಪುಸ್ತಕ ಕೆಲಸಕ್ಕೆ ಬರುವುದು ಇಲ್ಲೇ. ಆದರೆ ಓದಿ ಮುಚ್ಚಿಟ್ಟರೆ ಅದು ಬರೀ ಕಥೆ. ‘ಯಾಕೆ ಹಾಗಾಯಿತು?’, ‘ನಮಗೆ ಹೇಗೆ ಗೊತ್ತು?’ ಎಂದು ಮಕ್ಕಳು ಕೇಳಬೇಕು.

ಮೊದಲು ಹತ್ತಿರದವರನ್ನು ಆರಿಸಿ. ನಮ್ಮ ಕಾಸರಗೋಡಿನಲ್ಲಾದರೆ ಮಂಜೇಶ್ವರದ ಮಕ್ಕಳಿಗೆ ಕವಿ ಗೋವಿಂದ ಪೈ, ಬದಿಯಡ್ಕದವರಿಗೆ ಕವಿ ಕಯ್ಯಾರ ಕಿಞ್ಞಣ್ಣ ರೈ. ತಕ್ಕ ಪುಸ್ತಕ ಸಿಗದಿದ್ದರೆ ನಾಲ್ಕು ಹಾಳೆ ಮಡಚಿ ನೀವೇ ಮಾಡಿ. ಪುಟಕ್ಕೊಂದು ಘಟನೆ, ಎರಡು ವಾಕ್ಯ ಸಾಕು.

ಮೊದಲ ಸಲ ಓದಬೇಡಿ, ಚಿತ್ರ ಮಾತ್ರ ತೋರಿಸಿ. ಏನು ಕಾಣುತ್ತದೆ ಕೇಳಿ. ಉತ್ತರ ತುಳುವಿನಲ್ಲೋ ಮಲಯಾಳದಲ್ಲೋ ಬಂದರೆ ಬರಲಿ, ತಿದ್ದುವುದು ಬೇಡ.

ಎರಡನೇ ಸಲ ಓದುವಾಗ ಒಂದು ಒಗಟು ಹುಡುಕಿ. ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಮಂಜೇಶ್ವರದ ಕವಿಗೆ ಮದ್ರಾಸಿನವರು ಯಾಕೆ? ಯಾಕೆಂದರೆ ಆಗ ನಮ್ಮ ಊರು ಮದ್ರಾಸಿಗೆ ಸೇರಿತ್ತು. ಈಗ ನಕ್ಷೆ ಬಿಡಿಸಿ.

ಮೂರನೆಯದು ಹಗ್ಗದ ಆಟ. ಕಯ್ಯಾರರು ಹುಟ್ಟಿದ್ದು 1915ರಲ್ಲಿ, ತೀರಿಕೊಂಡದ್ದು 2015ರಲ್ಲಿ. ಹುರಿಹಗ್ಗಕ್ಕೆ ಹತ್ತು ವರ್ಷಕ್ಕೊಂದರಂತೆ ಗಂಟು ಹಾಕಿ, ಅವರ ಊರಿನ ವಿಳಾಸದ ಚೀಟಿ ಕಟ್ಟಿಸಿ. ಹುಟ್ಟಿದಾಗ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. 1956ರ ನವೆಂಬರ್ 1ರಿಂದ ಕೇರಳ. 1984ರಲ್ಲಿ ಕಾಸರಗೋಡು ಜಿಲ್ಲೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ಅವರು ಹೋರಾಡಿದ್ದನ್ನೂ ಹೇಳಿ. ಆದರೆ ದೊಡ್ಡವರ ಸಿಟ್ಟನ್ನು ಮಕ್ಕಳ ತಲೆಗೆ ತುಂಬಬೇಡಿ. ಪಕ್ಕದ ಬೆಂಚಿನಲ್ಲಿ ಮಲಯಾಳ ಮನೆಮಾತಿನ ಮಗುವೂ ಕೂತಿರುತ್ತದೆ ಅಲ್ವಾ?

ಇನ್ನು ಚಿತ್ರವನ್ನೇ ಪರೀಕ್ಷೆ ಮಾಡುವ ಕೆಲಸ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ನಾವು ಬಿಟ್ಟುಬಿಡುವುದು ಜಾಸ್ತಿ. ಗೋವಿಂದ ಪೈಗಳ ಫೋಟೊ ಇದೆ. ಅದನ್ನು ಪುಸ್ತಕದ ಚಿತ್ರದ ಪಕ್ಕ ಇಟ್ಟು ಹೋಲಿಸಬಹುದು. ಉಳ್ಳಾಲದ ರಾಣಿ ಅಬ್ಬಕ್ಕನ ಕಾಲದಲ್ಲಿ ಫೋಟೊ ಎಲ್ಲಿಂದ ಬರಬೇಕು! ಹಾಗಾಗಿ ಕಲಾವಿದರು ಊಹಿಸಿ ಬರೆಯುತ್ತಾರೆ. ಸಾಮಾನ್ಯವಾಗಿ ಕಿರೀಟ, ಒಡವೆ, ಕತ್ತಿ ಇರುತ್ತದೆ. ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬರಿಗಾಲು, ದಪ್ಪ ಬಿಳಿ ಹತ್ತಿಬಟ್ಟೆ. ತೋಡು ಅಗೆಯುವ ಕೆಲಸ ನೋಡಲು ನಡೆದೇ ಹೊರಟಿದ್ದಳಂತೆ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರು ಎನ್ನುವವರಿದ್ದಾರೆ. ಅದು ದೊಡ್ಡ ಕ್ಲಾಸಿಗೆ ಇರಲಿ. ಪುಸ್ತಕದ ರಾಣಿಯನ್ನು ತೋರಿಸಿ, ಪ್ರವಾಸಿ ಕಂಡದ್ದನ್ನು ಹೇಳಿ, ‘ನೀವು ಹೇಗೆ ಬರೆಯುತ್ತೀರಿ?’ ಎಂದು ಕೇಳಿ. ಕೆಲವರು ಕಿರೀಟ ಬಿಡುವುದಿಲ್ಲ. ಬಿಡಬೇಕೆಂದು ಹಠ ಹಿಡಿಯಬೇಡಿ, ಯಾಕೆ ಇಟ್ಟೆ ಎಂದು ಕೇಳಿದರೆ ಸಾಕು.

ಬರೆದ ಚಿತ್ರದಲ್ಲಿ ಗೊತ್ತಿದ್ದದ್ದಕ್ಕೆ ನೀಲಿ ಚುಕ್ಕೆ, ಊಹಿಸಿದ್ದಕ್ಕೆ ಕೆಂಪು ಚುಕ್ಕೆ ಇಡಿಸಿ. ಒಂದು ಪುಸ್ತಕಕ್ಕೆ ಇಷ್ಟು ಮಾಡಲು ವಾರದಲ್ಲಿ ಎರಡು ಮೂರು ಪೀರಿಯಡ್ ಬೇಕು, ಒಂದೇ ದಿನ ಮುಗಿಸಲು ಹೋಗಬೇಡಿ. ಇಸವಿಗಳನ್ನು ಬಾಯಿಪಾಠ ಮಾಡಿಸುವುದೂ ಬೇಡ, ಹಗ್ಗವನ್ನು ಗೋಡೆಗೆ ಕಟ್ಟಿಡಿ. ಮುಂದಿನ ಪುಸ್ತಕ ಓದುವಾಗ ಹೊಸ ಚೀಟಿಗಳನ್ನು ಅದಕ್ಕೇ ಕಟ್ಟಬಹುದು.